ಕಾವಲಿ ಮೇಲೆ ಎಷ್ಟು ದೋಸೆ?

ಎಲ್ಲರಿಗೂ ನಮಸ್ಕಾರ. ದಾವಣಗೆರೆಯಲ್ಲಿ ನಿಂತು ವ್ಯಾಕರಣದ ಬಗ್ಗೆ ಮಾತಾಡುವಾಗ ನನಗೆ ಮೊದಲು ನೆನಪಾಗುವುದು ಬೆಣ್ಣೆ ದೋಸೆಯ ಕಾವಲಿ.

ಬೆಳಗಿನಿಂದ ರಾತ್ರಿವರೆಗೆ ಎಷ್ಟು ದೋಸೆ ಬೇಕಾದರೂ ಹೊಯ್ಯಬಹುದು. ಆದರೆ ಕಾವಲಿ ಮೇಲೆ ಒಂದು ಸಲಕ್ಕೆ ಹಿಡಿಯುವುದು ಆರೋ ಎಂಟೋ, ಅಷ್ಟೇ ಅಲ್ವಾ? ಹೊಯ್ದ ಹಿಟ್ಟು ಇನ್ನೂ ದೋಸೆ ಆಗಿಲ್ಲ, ಅದು ಬಾಕಿ ಕೆಲಸ. ತಟ್ಟೆಗೆ ಬಿದ್ದದ್ದು ಮುಗಿದ ಕೆಲಸ. 1956ರಲ್ಲಿ ಭಾಷಾವಿಜ್ಞಾನಿ ನೋಮ್ ಚಾಮ್‌ಸ್ಕಿ ವಿಂಗಡಿಸಿದ ವ್ಯಾಕರಣಗಳಲ್ಲೂ ಹೀಗೇ. ಇಲ್ಲಿ ವ್ಯಾಕರಣ ಅಂದರೆ ಒಂದು ಚಿಹ್ನೆಯ ಜಾಗದಲ್ಲಿ ಬೇರೆ ಏನು ಬರೆಯಬಹುದು ಎಂದು ಹೇಳುವ ನಿಯಮಗಳ ಪಟ್ಟಿ. ಇನ್ನೂ ಬದಲಾಗಬೇಕಾದ ಚಿಹ್ನೆ ನಾನ್‌ಟರ್ಮಿನಲ್. ಇನ್ನು ಬದಲಾಗದ ಅಕ್ಷರ ಟರ್ಮಿನಲ್. ಇವತ್ತಿನ ಪ್ರಶ್ನೆ ಒಂದೇ: ಬಾಕಿ ಚಿಹ್ನೆಗಳಿಗೆ ಮಿತಿ ಹಾಕಿದರೆ ಏನಾಗುತ್ತದೆ?

ಒಂದು ಸಲಕ್ಕೆ ಒಂದೇ ಬಾಕಿ ಚಿಹ್ನೆ ಎಂಬ ಮಿತಿ ಹಾಕಿದರೂ ಎಷ್ಟು ಸಾಧ್ಯ ನೋಡಿ. 'ಕುಬೇರನಿಗೇನಿರಬೇಕು', ಹಿಂದಿನಿಂದ ಓದಿದರೂ ಅದೇ. 'ಪ' ಎಂಬ ಒಂದು ಬಾಕಿ ಚಿಹ್ನೆ ಇಟ್ಟುಕೊಳ್ಳೋಣ. ಕು–ಪ–ಕು. ಆಮೇಲೆ ಕುಬೇ–ಪ–ಬೇಕು. ಆಮೇಲೆ ಕುಬೇರ–ಪ–ರಬೇಕು. ಕುಬೇರನಿ–ಪ–ನಿರಬೇಕು. ಕೊನೆಗೆ ನಡುವಿನ 'ಪ' ಇದ್ದಲ್ಲಿ 'ಗೇ' ಇಟ್ಟರೆ ಮುಗಿಯಿತು. ಪದ ಎಷ್ಟೇ ಉದ್ದವಾಗಲಿ, ಬಾಕಿ ಉಳಿಯುವುದು ಒಂದೇ ಒಂದು. ಇದು ಲೀನಿಯರ್ ವ್ಯಾಕರಣ.

ಈಗ ಇನ್ನೊಂದು. ಹಿಟ್ಟಿಗೆ 'ಹ', ದೋಸೆಗೆ 'ದ'. ನಿಯಮ ಎರಡೇ: 'ಹ' ಎರಡು 'ಹ' ಆಗಬಹುದು, ಇಲ್ಲವೇ 'ದ' ಆಗಬಹುದು. ನೂರು ದೋಸೆಗೆ ಮೊದಲೇ ನೂರು 'ಹ' ಹರಡಿಕೊಂಡರೆ ಕಾವಲಿ ಸಾಲದು. ಆದರೆ ಹಹ, ದಹ, ದಹಹ, ದದಹ ಅಂತ ಒಂದೊಂದನ್ನೇ ಮುಗಿಸುತ್ತಾ ಹೋದರೆ ಯಾವಾಗಲೂ ಎರಡಕ್ಕಿಂತ ಜಾಸ್ತಿ ಆಗುವುದಿಲ್ಲ. ನನಗೆ ಈ ವಿಷಯದಲ್ಲಿ ತುಂಬಾ ಇಷ್ಟವಾದದ್ದು ಇದೇ. ನಿಯಮ ಬದಲಾಗಲಿಲ್ಲ, ಮುಗಿಸುವ ಕ್ರಮ ಮಾತ್ರ ಬದಲಾಯಿತು.

ಹಾಗಾಗಿ ಮಿತಿ ಎರಡು ಬಗೆ. ಯಾವ ಕ್ರಮದಲ್ಲಿ ಮಾಡಿದರೂ ಮಿತಿ ದಾಟದ ವ್ಯಾಕರಣ ಒಂದು, ಅದಕ್ಕೆ ಅಲ್ಟ್ರಾಲೀನಿಯರ್ ಅನ್ನುತ್ತಾರೆ. ಪ್ರತಿ ಪದಕ್ಕೂ ಮಿತಿಯೊಳಗೆ ಮುಗಿಯುವ ಒಂದಾದರೂ ದಾರಿ ಇದ್ದರೆ ಸಾಕು ಅನ್ನುವುದು ಇನ್ನೊಂದು. ಇವೆರಡರ ಮೇಲೂ ಸಂಶೋಧಕರಾದ ಸೀಮೋರ್ ಗಿನ್ಸ್‌ಬರ್ಗ್ ಮತ್ತು ಎಡ್ವಿನ್ ಸ್ಪ್ಯಾನಿಯರ್ 1960ರ ದಶಕದಲ್ಲಿ ಕೆಲಸ ಮಾಡಿದರು. ಮೊದಲನೆಯದಕ್ಕೆ ಅವರು ಜೋಡಿಸಿದ ಯಂತ್ರ ಚಿತ್ರದುರ್ಗದ ಕೋಟೆ ಹತ್ತಿದವರಿಗೆ ಸುಲಭವಾಗಿ ಹೊಳೆಯುತ್ತದೆ. ಬಾಗಿಲು ದಾಟುತ್ತಾ ಒಳಗೆ ಹೋಗುತ್ತೀರಿ, ಕೊನೆಗೆ ದಾಟಿದ ಬಾಗಿಲನ್ನೇ ಮೊದಲು ದಾಟಿ ವಾಪಸ್ ಬರುತ್ತೀರಿ. ಕೊನೆಗೆ ಇಟ್ಟದ್ದನ್ನೇ ಮೊದಲು ತೆಗೆಯುವ ನೆನಪಿಗೆ ಸ್ಟ್ಯಾಕ್ ಅನ್ನುತ್ತಾರೆ. ಸ್ಟ್ಯಾಕ್ ಇರುವ ಯಂತ್ರ ಹೀಗೆ ಒಳಗೆ–ಹೊರಗೆ ತಿರುಗುವ ಸಲಗಳಿಗೆ ಮಿತಿ ಹಾಕಿದರೆ, ಸಿಗುವುದು ಸರಿಯಾಗಿ ಅಲ್ಟ್ರಾಲೀನಿಯರ್ ಭಾಷೆಗಳೇ, ಅಂದರೆ ಅಂಥ ವ್ಯಾಕರಣಗಳಿಂದ ಹುಟ್ಟುವ ಪದಗಳ ಗುಂಪುಗಳೇ. ಕುಬೇರನಿಗೆ ಒಂದು ತಿರುವು ಸಾಕು.

ಎಲ್ಲಕ್ಕೂ ಒಂದು ಕಾವಲಿ ಸಾಕಾಗುತ್ತದೆಯೇ? ಇಲ್ಲ. ಬ್ರಾಕೆಟ್‌ಗಳನ್ನು ನೋಡಿ. 'ಬ' ಎಂಬುದು ಬಬ ಆಗಬಹುದು, (ಬ) ಆಗಬಹುದು, () ಆಗಬಹುದು. ಒಂದು ಬ್ರಾಕೆಟ್ಟಿನೊಳಗೆ ಎರಡು, ಅವುಗಳೊಳಗೆ ಮತ್ತೆ ಎರಡೆರಡು ಇದ್ದರೆ, ಎಡಗಡೆಯದನ್ನು ಬಿಡಿಸುವಷ್ಟು ಹೊತ್ತು ಬಲಗಡೆಯದು ಕಾಯಲೇಬೇಕು. ಪ್ರತಿ ಹಂತದಲ್ಲೂ ಒಂದೊಂದು ಕಾಯುತ್ತದೆ. ಆಳ ಹೆಚ್ಚಿದಂತೆ ಬಾಕಿಯೂ ಹೆಚ್ಚುತ್ತದೆ. ಬೇರೆ ವ್ಯಾಕರಣ ಬರೆದರೂ ಇದರಿಂದ ತಪ್ಪಿಸಿಕೊಳ್ಳಲಾಗದು. ಫಿನ್ಲೆಂಡಿನ ಗಣಿತಜ್ಞ ಆರ್ಟೊ ಸಾಲೊಮಾ 1969ರಲ್ಲಿ ಅದನ್ನು ಸಾಧಿಸಿ ತೋರಿಸಿದರು.

ಬೋರ್ಡಿನ ಮೇಲೆ ((()())(()())) ಬರೆದಿದ್ದೇನೆ. ಯಾವ ಕ್ರಮದಲ್ಲಿ ಬಿಡಿಸಿದರೂ ಒಂದು ಹಂತದಲ್ಲಿ ಮೂರು 'ಬ' ಒಟ್ಟಿಗೆ ಬಂದೇ ಬರುತ್ತವೆ. ಸುಮ್ನೆ ನನ್ನ ಮಾತು ನಂಬಬೇಡಿ. ಚಾಕ್‌ಪೀಸ್ ಇಲ್ಲಿದೆ, ಯಾರು ಬರ್ತೀರಿ?