ಹಳ್ಳ ಎಲ್ಲಿತ್ತು ಎಂದು ನಕ್ಷೆ ಹೇಳುತ್ತದೆ

ಕೇಳುಗರಿಗೆ ನಮಸ್ಕಾರ.

ನಾನು ಭೂಮಾಪಕನಾಗಿ ಬಹುಕಾಲ ಕೆಲಸ ಮಾಡಿದವನು. ಮೂವತ್ತಮೂರು ಅಡಿಯ ಸರಪಳಿ ಹಿಡಿದು ಬದುಗಳ ಮೇಲೆ ನಡೆದು ನಡೆದು ವಯಸ್ಸಾಯಿತು. ನಮ್ಮೂರಿನ ಗ್ರಾಮನಕ್ಷೆಯ ಒಂದು ಪ್ರತಿ ಇಂದಿಗೂ ಮನೆಯ ಬೀರುವಿನಲ್ಲಿದೆ. ಮಡಿಕೆಗಳಲ್ಲಿ ಹರಿದಿದ್ದಕ್ಕೆ ಹಿಂದೆ ಬಟ್ಟೆ ಅಂಟಿಸಿದ್ದೇನೆ. ಅದರಲ್ಲಿ ಕೆರೆ, ತೂಬು, ಕೋಡಿ, ಗುಂಡುತೋಪು, ಬಂಡಿದಾರಿ ಎಲ್ಲವೂ ಇವೆ. ಕೆರೆ ತುಂಬಿದಾಗ ನೀರು ಹೊರಬೀಳುವ ಕೋಡಿಯಿಂದ ಕೆಳಗಿನ ಕೆರೆಗೆ ಇಳಿಯುವ ಹಳ್ಳವೂ ಇದೆ.

ಆ ಹಳ್ಳದ ಮೇಲೆ ಈಗ ಒಂದು ಬಡಾವಣೆ ಎದ್ದಿದೆ. ಹಿಂದಿನ ಮಳೆಗಾಲದ ಒಂದು ರಾತ್ರಿ ಕೋಡಿ ಬಿದ್ದಾಗ ನೀರು ತನ್ನ ಹಳೆಯ ದಾರಿಯನ್ನೇ ಹಿಡಿದು ಬಂತು. ಬೆಳಗ್ಗೆ ಹೋಗಿ ನೋಡಿದರೆ, ಹೆಣ್ಣುಮಗಳೊಬ್ಬಳು ಅಕ್ಕಿಯ ಡಬ್ಬಿಯನ್ನು ಓರೆ ಮಾಡಿ ಕೆಸರುನೀರು ಬಸಿಯುತ್ತಿದ್ದಳು. "ಅಣ್ಣಾ, ನಮ್ಮ ಕಾಗದಪತ್ರ ಎಲ್ಲ ಸರಿಯಾಗಿವೆ. ಮತ್ತೆ ನೀರು ಯಾಕೆ ಬಂತು?" ಎಂದು ಕೇಳಿದಳು. ಅವಳ ಕ್ರಯಪತ್ರದಲ್ಲಿ ಹಳ್ಳದ ಸುದ್ದಿಯೇ ಇರಲಿಲ್ಲ. ಬೀರುವಿನಲ್ಲಿದ್ದ ನಕ್ಷೆಯನ್ನು ತಂದು ತೋರಿಸುವ ಧೈರ್ಯ ಆವತ್ತು ನನಗೆ ಬರಲಿಲ್ಲ.

ಇಂಥದ್ದನ್ನು ತಡೆಯಲೆಂದೇ ನಮ್ಮ ರಾಜ್ಯದಲ್ಲಿ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ ಇದೆ. ಬೆಳೆಯುತ್ತಿರುವ ಊರಿಗೆ ಮಾಸ್ಟರ್ ಪ್ಲಾನ್, ಅಂದರೆ ಮಹಾಯೋಜನೆ, ತಯಾರಾಗುತ್ತದೆ. ವಾಸಕ್ಕೆ ಹಳದಿ, ವ್ಯಾಪಾರಕ್ಕೆ ನೀಲಿ, ಕೈಗಾರಿಕೆಗೆ ನೇರಳೆ, ಉದ್ಯಾನಕ್ಕೆ ಹಸಿರು ಎಂದು ಬಣ್ಣ ತುಂಬಿದ ಹಾಳೆಗಳನ್ನು ಕಚೇರಿಯ ಗೋಡೆಗೆ ಹಾಕುತ್ತಾರೆ. ಜನರು ಬೆರಳಿಟ್ಟು ತಮ್ಮ ಸರ್ವೆ ನಂಬರನ್ನು ಹುಡುಕುತ್ತಾರೆ. ಅವರ ಪ್ರಶ್ನೆ ಒಂದೇ: ನಮ್ಮ ಜಮೀನು ಹಳದಿಗೆ ಬಂದಿದೆಯೇ? ಅವರನ್ನು ನಾನು ದೂರುವುದಿಲ್ಲ. ರಾಗಿ ಬೆಳೆಯುವ ಗುಂಟೆಯ ಬೆಲೆಯೇ ಬೇರೆ, ನಿವೇಶನವಾಗುವ ಗುಂಟೆಯ ಬೆಲೆಯೇ ಬೇರೆ. ಮಗಳ ಮದುವೆಗೂ ತೀರದ ಸಾಲಕ್ಕೂ ಆ ಬಣ್ಣವೇ ದಾರಿಯಾಗಿ ಕಾಣುವ ಸಂಸಾರಗಳನ್ನು ಕಂಡಿದ್ದೇನೆ. ಆದರೆ ಪಕ್ಕದ ಹಳ್ಳ ಯಾವ ಬಣ್ಣದಲ್ಲಿದೆ, ಮಕ್ಕಳು ಆಡುವ ಬಯಲು ಎಲ್ಲಿಗೆ ಹೋಯಿತು, ಸ್ಮಶಾನಕ್ಕೆ ದಾರಿ ಬಿಟ್ಟಿದ್ದಾರೆಯೇ ಎಂದು ಅದೇ ಬೆರಳು ಹುಡುಕಿದ್ದನ್ನು ಕಂಡದ್ದು ಬಹಳ ಕಡಿಮೆ.

ಬೆಂಗಳೂರನ್ನೇ ನೋಡಿ. 1898ರ ಪ್ಲೇಗಿನ ನಂತರ ಬಸವನಗುಡಿ, ಮಲ್ಲೇಶ್ವರಗಳನ್ನು ಕಟ್ಟುವಾಗ ಮೊದಲು ರಸ್ತೆ ಹಾಕಿದರು, ಉದ್ಯಾನಕ್ಕೆ ಜಾಗ ಬಿಟ್ಟರು, ಆಮೇಲೆ ಮನೆಗಳು ಬಂದವು. ಮುಂದೆ ಈ ಕ್ರಮವೇ ತಲೆಕೆಳಗಾಯಿತು. 2015ನ್ನು ಗುರಿಯಾಗಿಟ್ಟ ಮಹಾಯೋಜನೆಗೆ ಒಪ್ಪಿಗೆ ಸಿಕ್ಕಿದ್ದೇ 2007ರಲ್ಲಿ. 2031ರ ಕರಡು 2017ರಲ್ಲಿ ಹೊರಬಂದರೂ ಮುಂದೆ ಅದನ್ನು ಹಿಂಪಡೆಯಲಾಯಿತು. ಇತ್ತ ಊರು ಯಾರಿಗೂ ಕಾಯದೆ ಬೆಳೆಯಿತು. 2022ರ ಸೆಪ್ಟೆಂಬರಿನಲ್ಲಿ ಅಲ್ಲಿನ ಪೂರ್ವ ಭಾಗದ ಬಡಾವಣೆಗಳು ಮುಳುಗಿ, ಜನ ಟ್ರ್ಯಾಕ್ಟರ್ ಏರಿ ಕೆಲಸಕ್ಕೆ ಹೊರಟಿದ್ದನ್ನು ನಾವೆಲ್ಲ ನೋಡಿದೆವು. ಅಲ್ಲಿಯೂ ಒಂದು ಕೆರೆಯ ಕೋಡಿ ಮುಂದಿನ ಕೆರೆಗೆ ಹರಿಯುತ್ತಿದ್ದ ಸಾಲು ಇತ್ತು.

ಈಗ ನಿಮ್ಮ ಊರಿಗೆ ಬರೋಣ. ಕರಡು ಯೋಜನೆ ಪ್ರಕಟವಾದ ಮೇಲೆ ಆಕ್ಷೇಪಣೆ, ಸಲಹೆ ಕೊಡಲು ಸಾರ್ವಜನಿಕರಿಗೆ ಅರವತ್ತು ದಿನಗಳ ಕಾಲಾವಕಾಶವಿದೆ. ಪತ್ರಿಕೆಯ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಬರುವ ಆ ಪ್ರಕಟಣೆಯನ್ನು ದಯವಿಟ್ಟು ಕಣ್ಣು ತಪ್ಪಿಸಿ ಹೋಗಲು ಬಿಡಬೇಡಿ. ಸರ್ವೆ ಇಲಾಖೆಯ ಜಾಲತಾಣದಲ್ಲಿ ಗ್ರಾಮನಕ್ಷೆಗಳು ಸಿಗುತ್ತವೆ. ನಿಮ್ಮ ಊರಿನದನ್ನು ಮುದ್ರಿಸಿಕೊಂಡು ಹೋಗಿ, ಕರಡಿನ ಪಕ್ಕದಲ್ಲಿ ಹಿಡಿದು ನೋಡಿ. ಹಳೆಯದರಲ್ಲಿದ್ದ ಕಾಲುವೆ ಹೊಸದರಲ್ಲಿ ಕಾಣದಿದ್ದರೆ ಸರ್ವೆ ನಂಬರಿನ ಸಮೇತ ಕನ್ನಡದಲ್ಲೇ ಬರೆದುಕೊಡಿ. ಒಂದು ಪ್ರತಿಯ ಮೇಲೆ ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳದೆ ಮಾತ್ರ ಹಿಂತಿರುಗಬೇಡಿ.

ಇನ್ನೊಂದು ಮಾತು, ಇದು ಅನೇಕರಿಗೆ ತಿಳಿಯದು. ಖಾಸಗಿ ಜಮೀನನ್ನು ಉದ್ಯಾನಕ್ಕೋ ಶಾಲೆಗೋ ಎಂದು ನಕ್ಷೆಯಲ್ಲಿ ಗುರುತಿಸಿದರೆ ಸಾಲದು. ಐದು ವರ್ಷದೊಳಗೆ ಅದನ್ನು ಒಪ್ಪಂದದಿಂದ ಪಡೆಯದೆ, ಸ್ವಾಧೀನದ ಕ್ರಮವನ್ನೂ ಶುರು ಮಾಡದಿದ್ದರೆ ಆ ಗುರುತು ತಾನಾಗಿಯೇ ಬಿದ್ದುಹೋಗುತ್ತದೆ. ಹಸಿರು ಬಣ್ಣ ಕಂಡು ನೆಮ್ಮದಿಯಾಗಿ ಕುಳಿತ ಎಷ್ಟೋ ಬಡಾವಣೆಯವರು ಹೀಗೆ ಉದ್ಯಾನ ಕಳೆದುಕೊಂಡಿದ್ದಾರೆ. ಆದ್ದರಿಂದ ಪ್ರತಿ ವರ್ಷವೂ ಪುರಸಭೆಯಲ್ಲಿ, ಯೋಜನಾ ಪ್ರಾಧಿಕಾರದಲ್ಲಿ ಕೇಳುತ್ತಿರಬೇಕು: ಆ ಜಾಗಕ್ಕೆ ಈ ಸಲ ಹಣ ಇಟ್ಟಿದ್ದೀರಾ?

ನಮ್ಮೂರಿನ ಯೋಜನೆಯ ಪರಿಷ್ಕರಣೆ ಮುಂದೆ ಬರಲಿದೆ. ಆವತ್ತು ಬಟ್ಟೆ ಅಂಟಿಸಿದ ನಕ್ಷೆಯನ್ನು ಸುತ್ತಿ ಕಂಕುಳಲ್ಲಿಟ್ಟುಕೊಂಡು ನಾನು ಹೋಗುತ್ತೇನೆ. ಆ ಹೆಣ್ಣುಮಗಳನ್ನೂ ಕರೆದಿದ್ದೇನೆ. ಬಡಾವಣೆಯಿಂದ ಕೆಳಕ್ಕೆ ಅರ್ಧ ಹಳ್ಳ ಇನ್ನೂ ಉಳಿದಿದೆ.

ನಮಸ್ಕಾರ.