ಬ್ರೌಸರ್ ಕಳಿಸಿದ್ದನ್ನೆಲ್ಲ ಸರ್ವರ್ ನಂಬಬೇಕೆ?

ಕೇಳುಗರಿಗೆ ನಮಸ್ಕಾರ.

ಮುಂಗಾರು ಹಿಡಿದರೆ ಮಂಡ್ಯದ ಕಡೆ ಬೆಳಗಿನ ಮೊದಲ ಪ್ರಶ್ನೆ, ‘ಕಟ್ಟೆ ಎಷ್ಟು ಅಡಿ ಆಯ್ತು?’ ಕನ್ನಂಬಾಡಿಯ ಗರಿಷ್ಠ ಮಟ್ಟ 124.80 ಅಡಿ ಅನ್ನುವುದು ಮಕ್ಕಳಿಗೂ ಬಾಯಿಪಾಠ. ಈ ಮಟ್ಟ ತೋರಿಸುವ ವೆಬ್ ಪುಟ ಒಂದಿದೆ ಅಂತಿಟ್ಟುಕೊಳ್ಳಿ. ಅಂಕಿ ಇರುವುದು ದೂರದ ಸರ್ವರ್‌ನಲ್ಲಿ, ಪುಟ ತೆರೆದಿರುವುದು ಪಾಂಡವಪುರದ ರೈತರೊಬ್ಬರ ಮೊಬೈಲಿನಲ್ಲಿ. ಹೊಸ ಅಂಕಿ ಬೇಕೆಂದಾಗಲೆಲ್ಲ ಇಡೀ ಪುಟ ಮತ್ತೆ ಲೋಡ್ ಆಗಬೇಕೆ?

ಒಂದು ಕಾಲಕ್ಕೆ ಹಾಗೇ ಇತ್ತು. 1999ರಲ್ಲಿ ಮೈಕ್ರೋಸಾಫ್ಟ್‌ನ ಇಂಟರ್ನೆಟ್ ಎಕ್ಸ್‌ಪ್ಲೋರರ್ 5 ಬಂದಾಗ, ಪುಟ ಅಲುಗಾಡದೆ ಹಿನ್ನೆಲೆಯಲ್ಲೇ ಸರ್ವರನ್ನು ಕೇಳುವ ದಾರಿ ತೆರೆಯಿತು. 2004ರ ಜಿಮೇಲ್, ಮರುವರ್ಷದ ಗೂಗಲ್ ಮ್ಯಾಪ್ಸ್ ಅದರ ಕಸುವು ತೋರಿಸಿದವು. ಈಗ ಬ್ರೌಸರಿನ ಜಾವಾಸ್ಕ್ರಿಪ್ಟ್ ಭಾಷೆಯಲ್ಲಿ ಅದಕ್ಕೆಂದೇ ಫೆಚ್ ಅನ್ನುವ ಫಂಕ್ಷನ್ ಇದೆ, ಒಂದೆರಡು ಸಾಲಿನಲ್ಲಿ ಕೆಲಸ ಮುಗಿಯುತ್ತದೆ.

ಮುಗಿಯುತ್ತದೆ ಅಂದೆನಲ್ಲ, ತೊಡಕು ಶುರುವಾಗುವುದೂ ಅಲ್ಲೇ. ಫೆಚ್ ಉತ್ತರಕ್ಕೆ ಕಾಯುತ್ತಾ ನಿಲ್ಲುವುದಿಲ್ಲ. ‘ಉತ್ತರ ಬರುವ ತನಕ ತಡಿ’ ಅನ್ನುವ ಅವೇಟ್ ಪದ ಹಾಕದೆ ಮುಂದಿನ ಸಾಲಿನಲ್ಲೇ ಅದನ್ನು ಪರದೆಗೆ ಬರೆದರೆ, ಕಟ್ಟೆಯ ಮಟ್ಟದ ಜಾಗದಲ್ಲಿ ‘ಆಬ್ಜೆಕ್ಟ್ ಪ್ರಾಮಿಸ್’ ಅಂತ ಕಾಣುತ್ತದೆ, ಅಂದರೆ ಉತ್ತರವಲ್ಲ, ಉತ್ತರ ಬರುವ ಭರವಸೆ ಅಷ್ಟೇ. ಇನ್ನೊಂದು: ಸರ್ವರ್ ಕೆಟ್ಟು, ದೋಷ ನನ್ನಲ್ಲೇ ಅನ್ನುವ 500ರ ಸಂಕೇತ ಕಳಿಸಿದರೂ ಫೆಚ್ ತಕರಾರು ಎತ್ತುವುದಿಲ್ಲ, ಉತ್ತರ ಬಂತಲ್ಲ, ಅದಕ್ಕಷ್ಟೇ ಸಾಕು. ಸ್ಟೇಟಸ್, ಅಂದರೆ ಆ ಸಂಕೇತ, ಸರಿಯಿದೆಯೇ ಅಂತ ನಾವೇ ನೋಡಬೇಕು.

ಇವು ಎರಡು ದಿನದಲ್ಲಿ ಅಭ್ಯಾಸವಾಗುತ್ತವೆ. ನನಗೆ ನಿಜಕ್ಕೂ ಚಿಂತೆಯಿರುವುದು ನಂಬಿಕೆಯ ವಿಷಯದಲ್ಲಿ. ಕಬ್ಬಿನ ಬಿಲ್ಲಿನ ಪುಟ ತಗೊಳ್ಳಿ. ತೂಕವನ್ನು ದರದಿಂದ ಗುಣಿಸುವ ಲೆಕ್ಕ ಬ್ರೌಸರಿನಲ್ಲೇ ನಡೆದು, ಒಟ್ಟು ಹಣ ಸರ್ವರ್‌ಗೆ ಹೋಗುತ್ತದೆ. ಚೆನ್ನಾಗೇ ಕಾಣುತ್ತದೆ. ಆದರೆ ಕಂಪ್ಯೂಟರಿನಲ್ಲಿ ಎಫ್ 12 ಕೀಲಿ ಒತ್ತಿ, ನೆಟ್‌ವರ್ಕ್ ಅನ್ನುವ ಕಡೆ ನೋಡಿ: ಹೋದ ಕೋರಿಕೆ ಅಕ್ಷರಕ್ಷರವೂ ಅಲ್ಲಿ ಬಿದ್ದಿರುತ್ತದೆ. ಫೈರ್‌ಫಾಕ್ಸ್‌ನಲ್ಲಂತೂ ಅದನ್ನು ತಿದ್ದಿ ಮತ್ತೆ ಕಳಿಸಲು ಸೌಕರ್ಯವೇ ಇದೆ. ಹತ್ತು ಟನ್ ನೂರಾಗಲು ಒಂದು ಸೊನ್ನೆ ಸಾಕು.

ಹಾಗಾಗಿ ಬ್ರೌಸರ್ ಕಳಿಸಬೇಕಾದ್ದು ತೂಕದ ಚೀಟಿಯ ಸಂಖ್ಯೆ ಮಾತ್ರ. ತೂಕ, ದರ, ಗುಣಾಕಾರ ಎಲ್ಲ ಸರ್ವರ್‌ನದೇ ಪಾಲಿಗಿರಲಿ. ಆ ಚೀಟಿ ಲಾಗಿನ್ ಆದವರದ್ದೇ ಹೌದೇ ಅಂತಲೂ ಸರ್ವರ್ ಪ್ರತಿ ಸಲ ಕೇಳಬೇಕು. ಇಲ್ಲದಿದ್ದರೆ ಚೀಟಿಯ ಸಂಖ್ಯೆ 41ನ್ನು 42 ಮಾಡಿದವರಿಗೆ ಪಕ್ಕದ ಜಮೀನಿನವರ ಬಿಲ್ಲು ಕಾಣುತ್ತದೆ. ಇಷ್ಟು ಸಸಾರವಾದ, ಇಷ್ಟು ಕಡೆ ಸಿಗುವ ದೋಷ ಇನ್ನೊಂದಿಲ್ಲವೇನೋ.

‘ಕಾರ್ಸ್ ಇದೆಯಲ್ಲ ಸಾರ್, ಅದು ತಡೆಯುತ್ತೆ’ ಅನ್ನುವ ವಿದ್ಯಾರ್ಥಿಗಳಿದ್ದಾರೆ. ಒಂದು ತಾಣದ ಸ್ಕ್ರಿಪ್ಟ್ ಇನ್ನೊಂದು ತಾಣದ ಉತ್ತರವನ್ನು ಓದಬಹುದೇ ಅನ್ನುವುದನ್ನು ಬ್ರೌಸರ್ ತೀರ್ಮಾನಿಸುವ ನಿಯಮ ಅದು. ಬ್ರೌಸರ್ ಬಿಟ್ಟು, ಕರ್ಲ್‌ನಂಥ ಪ್ರೋಗ್ರಾಮಿನಿಂದ ಸರ್ವರನ್ನು ನೇರವಾಗಿ ಕೇಳುವವರಿಗೆ ಆ ನಿಯಮದ ಹಂಗೇ ಇಲ್ಲ.

ಕೊನೆಗೊಂದು ಮಾತು, ಪ್ರಾಜೆಕ್ಟ್ ಮಾಡುತ್ತಿರುವವರಿಗೆ. ಹಳ್ಳಿ ಕಡೆ ಸಿಗ್ನಲ್ ಎಳೆದಾಡುವಾಗ ಜನ ಒಂದೇ ಗುಂಡಿಯನ್ನು ಎರಡು ಮೂರು ಸಲ ಒತ್ತುತ್ತಾರೆ. ಒತ್ತಿದ ಕೂಡಲೇ ಗುಂಡಿಗೆ ಬೀಗ ಹಾಕಿ. ಅಷ್ಟೇ ಸಾಲದು, ಪ್ರತಿ ಅರ್ಜಿಗೂ ಒಂದು ಗುರುತಿನ ಸಂಖ್ಯೆ ಕೊಡಿ; ಅದೇ ಸಂಖ್ಯೆ ಮತ್ತೆ ಬಂದರೆ ಸರ್ವರ್ ಹೊಸ ಅರ್ಜಿ ಬರೆದುಕೊಳ್ಳದೆ ಮೊದಲಿನ ಉತ್ತರವನ್ನೇ ಕಳಿಸಲಿ.

ನಮಸ್ಕಾರ.