ಮರಗಟ್ಟಿಸುವ ಇಂಜೆಕ್ಷನ್ ಮತ್ತು ಟೆಂಡನ್‌ನ ಜೀವಕೋಶಗಳು

ಕೇಳುಗರಿಗೆ ನಮಸ್ಕಾರ.

ಭುಜದ ನೋವು, ಮೊಣಕೈ ನೋವು, ಹಿಮ್ಮಡಿಯ ನೋವು. ಬೆಂಗಳೂರಿನಲ್ಲಿ ಫಿಸಿಯೋಥೆರಪಿ ಮಾಡುವ ನನ್ನ ಬಳಿಗೆ ಬರುವವರಲ್ಲಿ ಈ ಮೂರೇ ಜಾಸ್ತಿ. ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ದಿನವಿಡೀ ಹೊಲಿಗೆ ಮಿಷನ್ ಮುಂದೆ ಕೂರುವ ಹೆಣ್ಣುಮಕ್ಕಳು, ಗೋಡೆಗೆ ಬಣ್ಣ ಬಳಿಯುವವರು, ಆಫೀಸ್ ಮುಗಿಸಿ ರಾತ್ರಿ ಶಟಲ್ ಆಡುವವರು, ಭಾನುವಾರ ಕಬ್ಬನ್ ಪಾರ್ಕಿನಲ್ಲಿ ಓಡುವವರು. ಎಲ್ಲರೂ ಕೇಳುವುದು ಒಂದೇ. "ಮೇಡಂ, ಒಂದು ಇಂಜೆಕ್ಷನ್ ಹಾಕಿಸಿಕೊಂಡರೆ ಸರಿಹೋಗುತ್ತೆ ಅಲ್ವಾ?"

ಆ ಸಿರಿಂಜಿನಲ್ಲಿ ಸಾಮಾನ್ಯವಾಗಿ ಎರಡು ಔಷಧ ಇರುತ್ತವೆ. ಒಂದು ಊತ, ಉರಿ ಇಳಿಸುವ ಸ್ಟೀರಾಯ್ಡ್. ಇನ್ನೊಂದು ಆ ಜಾಗವನ್ನು ಮರಗಟ್ಟಿಸುವ ಔಷಧ, ಅಂದರೆ ಸ್ಥಳೀಯ ಅರಿವಳಿಕೆ. ಸ್ಟೀರಾಯ್ಡ್ ಅಂದರೆ ಜನ ಹೆದರುತ್ತಾರೆ, ಪ್ರಶ್ನೆ ಕೇಳುತ್ತಾರೆ. ಎರಡನೆಯದರ ಬಗ್ಗೆ ಯಾರೂ ಕೇಳುವುದಿಲ್ಲ. ಹಲ್ಲು ಕೀಳುವಾಗ ಕೊಡುವುದು ತಾನೇ, ಅದರಲ್ಲೇನಿದೆ ಅಂತ ಸುಮ್ಮನಾಗುತ್ತಾರೆ. ಇವತ್ತು ಅದರ ಬಗ್ಗೆಯೇ ಮಾತಾಡಬೇಕು ಅನ್ನಿಸಿದೆ.

ಮೊದಲು ಟೆಂಡನ್ ಏನು ಅಂತ ನೋಡೋಣ. ಮಾಂಸಖಂಡವನ್ನು ಮೂಳೆಗೆ ಬಿಗಿದಿರುವ ಗಟ್ಟಿ ಪಟ್ಟಿ ಅದು. ಹಿಮ್ಮಡಿಯ ಮೇಲೆ ಬೆರಳಿಟ್ಟರೆ ಸಿಗುತ್ತದಲ್ಲ, ಅದು ಅಕಿಲಿಸ್ ಟೆಂಡನ್. ತೆಂಗಿನ ನಾರಿನ ಹಗ್ಗದ ಹಾಗೆ ಸಾವಿರಾರು ಎಳೆ ಸೇರಿ ಆದದ್ದು. ಆ ಎಳೆಗಳು ಕೊಲಾಜನ್ ಅನ್ನುವ ಪ್ರೋಟೀನ್. ಎಳೆಗಳ ನಡುವೆ ಅಲ್ಲಲ್ಲಿ ತೆಳ್ಳಗೆ, ಉದ್ದಕ್ಕೆ ಮಲಗಿರುವ ಜೀವಕೋಶಗಳಿವೆ. ಅವೇ ಟೆನೋಸೈಟ್‌ಗಳು. ಹೊಸ ಕೊಲಾಜನ್ ಹೆಣೆಯುವುದು, ಸವೆದದ್ದನ್ನು ರಿಪೇರಿ ಮಾಡುವುದು, ಎಲ್ಲಾ ಇವುಗಳ ಕೆಲಸ. ಆದರೆ ಇವುಗಳ ಸಂಖ್ಯೆ ಕಡಿಮೆ. ಟೆಂಡನ್‌ಗೆ ರಕ್ತದ ಪೂರೈಕೆಯೂ ಕಡಿಮೆ. ಮಾಂಸಖಂಡದ ಗಾಯ ಬೇಗ ಕೂಡಿಕೊಳ್ಳುತ್ತದೆ. ಟೆಂಡನ್ ತಿಂಗಳುಗಟ್ಟಲೆ ಸತಾಯಿಸುವುದು ಇದಕ್ಕೇ.

ಈಗ ಔಷಧಕ್ಕೆ ಬರೋಣ. ಲಿಡೋಕೇನ್ ಅನ್ನು 1943ರಲ್ಲಿ ಸ್ವೀಡನ್ನಿನ ನಿಲ್ಸ್ ಲೋಫ್‌ಗ್ರೆನ್ ಎಂಬ ರಸಾಯನ ವಿಜ್ಞಾನಿ ತಯಾರಿಸಿದರು. ನಮ್ಮಲ್ಲಿ ಲಿಗ್ನೋಕೇನ್ ಅನ್ನುವುದೂ ಇದನ್ನೇ. ಝೈಲೋಕೇನ್ ಅಂದರೆ ಇನ್ನೂ ಹೆಚ್ಚು ಜನಕ್ಕೆ ಗೊತ್ತು. ಆಮೇಲೆ ಬುಪಿವಕೇನ್ ಬಂತು, ಅದರ ಪರಿಣಾಮ ಹೆಚ್ಚು ಹೊತ್ತು ಇರುತ್ತದೆ. ಅದರ ನಂತರದ್ದು ರೋಪಿವಕೇನ್. ಮೂರೂ ಮಾಡುವುದು ಒಂದೇ ಕೆಲಸ. ನರದ ಕೋಶಗಳಿಗೆ ಸೋಡಿಯಂ ನುಗ್ಗುವ ದಾರಿಯನ್ನು ಮುಚ್ಚುತ್ತವೆ. ಸೋಡಿಯಂ ಒಳಗೆ ಹೋಗದಿದ್ದರೆ ನೋವಿನ ಸುದ್ದಿ ಮೆದುಳಿಗೆ ಮುಟ್ಟುವುದಿಲ್ಲ. ಈ ಔಷಧಗಳು ಬರದೇ ಇದ್ದಿದ್ದರೆ ಎಷ್ಟೋ ಚಿಕಿತ್ಸೆಗಳೇ ಸಾಧ್ಯವಿರಲಿಲ್ಲ. ಅವುಗಳ ಬಗ್ಗೆ ನನಗೆ ಗೌರವವಿದೆ.

ಆದರೆ ಸೂಜಿಯಿಂದ ಹೊರಬಂದ ಔಷಧ ನರವನ್ನಷ್ಟೇ ಮುಟ್ಟಿ ಸುಮ್ಮನಿರುವುದಿಲ್ಲ. ಸುತ್ತಲಿನ ಎಲ್ಲಾ ಕೋಶಗಳನ್ನೂ ತೋಯಿಸುತ್ತದೆ. ಮನುಷ್ಯರ ಭುಜದ ಟೆಂಡನ್‌ನಿಂದ ತೆಗೆದ ಕೋಶಗಳನ್ನು ಲ್ಯಾಬಿನಲ್ಲಿ ಬೆಳೆಸಿ, ಅವುಗಳ ಮೇಲೆ ಈ ಔಷಧಗಳನ್ನು ಹಾಕಿ ನೋಡಿದ್ದಾರೆ. ಕೋಶಗಳು ಸಾಯುತ್ತವೆ. ಔಷಧದ ಸಾಂದ್ರತೆ ಹೆಚ್ಚಿದಷ್ಟೂ, ಔಷಧದಲ್ಲಿ ಇರುವ ಹೊತ್ತು ಹೆಚ್ಚಿದಷ್ಟೂ ಸಾಯುವವು ಜಾಸ್ತಿ. ಕೋಶಕ್ಕೆ ಶಕ್ತಿ ಒದಗಿಸುವ ಮೈಟೋಕಾಂಡ್ರಿಯ ಕೆಡುತ್ತದೆ, ಹಾನಿ ಮಾಡುವ ಆಮ್ಲಜನಕದ ಅಣುಗಳು ಒಳಗೆ ತುಂಬಿಕೊಳ್ಳುತ್ತವೆ, ಕೊನೆಗೆ ಕೋಶ ತನ್ನನ್ನು ತಾನೇ ಮುಗಿಸಿಕೊಳ್ಳುತ್ತದೆ. ಮೂರರಲ್ಲಿ ರೋಪಿವಕೇನ್, ಅದರಲ್ಲೂ 0.2 ಶೇಕಡಾದಂಥ ಕಡಿಮೆ ಸಾಂದ್ರತೆಯದು, ಸ್ವಲ್ಪ ಮೆತ್ತಗೆ. ಸ್ಟೀರಾಯ್ಡ್ ಜೊತೆ ಸೇರಿಸಿದಾಗ ಹಾನಿ ಇನ್ನೂ ಹೆಚ್ಚಾದದ್ದೂ ಇಂಥ ಪ್ರಯೋಗಗಳಲ್ಲಿ ಕಂಡಿದೆ.

ಇದನ್ನು ಕೇಳಿ ಗಾಬರಿಯಾಗಬೇಡಿ. ಲ್ಯಾಬಿನ ತಟ್ಟೆ ಬೇರೆ, ನಮ್ಮ ಮೈ ಬೇರೆ. ತಟ್ಟೆಯಲ್ಲಿ ಕೋಶಗಳು ಔಷಧದಲ್ಲೇ ಮುಳುಗಿರುತ್ತವೆ. ಮೈಯಲ್ಲಿ ರಕ್ತ ಅದನ್ನು ಸ್ವಲ್ಪ ಸ್ವಲ್ಪವಾಗಿ ಹೊತ್ತೊಯ್ಯುತ್ತದೆ, ಲಿಡೋಕೇನ್‌ನ ಮರಗಟ್ಟು ಒಂದೆರಡು ಗಂಟೆಯಲ್ಲಿ ಇಳಿಯುತ್ತದೆ. ಇಲಿಗಳ ಭುಜದ ಟೆಂಡನ್‌ಗೆ ಲಿಡೋಕೇನ್ ಕೊಟ್ಟು ಮರುದಿನ ಎಳೆದು ನೋಡಿದಾಗ ಅದು ಬೇಗ ಹರಿದಿತ್ತು. ಆ ದೌರ್ಬಲ್ಯ ಕಾಯಂ ಆಗಿ ಉಳಿಯಲಿಲ್ಲ. ಹಾಗಾಗಿ ಒಮ್ಮೆ ಹಾಕಿಸಿಕೊಂಡ ಇಂಜೆಕ್ಷನ್‌ನಿಂದ ಟೆಂಡನ್ ಹಾಳಾಗಿಹೋಯಿತು ಅಂತ ನಾನು ಹೇಳುವುದಿಲ್ಲ. ನನ್ನ ಚಿಂತೆ ಇರುವುದು ಪದೇ ಪದೇ ಹಾಕಿಸಿಕೊಳ್ಳುವವರ ಬಗ್ಗೆ, ಮತ್ತು ಹಾಕಿಸಿಕೊಂಡ ದಿನವೇ ಅದೇ ಕೈ, ಅದೇ ಕಾಲಿಗೆ ದುಡಿಮೆ ಕೊಡುವವರ ಬಗ್ಗೆ.

ಈ ಔಷಧ ಹೆಚ್ಚು ಹೊತ್ತು ಒಂದೇ ಕಡೆ ನಿಂತರೆ ಏನಾಗುತ್ತದೆ ಅನ್ನುವುದಕ್ಕೆ ಮೂಳೆತುದಿಯನ್ನು ಹೊದ್ದಿರುವ ನುಣುಪಾದ ಮೃದ್ವಸ್ಥಿಯಿಂದ, ಅಂದರೆ ಕಾರ್ಟಿಲೇಜ್‌ನಿಂದ, ಒಂದು ಪಾಠ ಸಿಕ್ಕಿದೆ. ಭುಜದ ಆಪರೇಷನ್ ಆದಮೇಲೆ ಸಣ್ಣ ಪಂಪು ಕಟ್ಟಿ ಎರಡು ಮೂರು ದಿನ ಕೀಲಿನೊಳಗೆ ಈ ಔಷಧವನ್ನು ಹರಿಸುವ ಪದ್ಧತಿ ಇತ್ತು. ಕೆಲವರಿಗೆ ಕೀಲಿನ ಮೃದ್ವಸ್ಥಿಯೇ ಕರಗಿಹೋಯಿತು. ಅವರಲ್ಲಿ ಯುವಕರೂ ಇದ್ದರು. 2009ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇದರ ಬಗ್ಗೆ ಎಚ್ಚರಿಕೆ ಕೊಟ್ಟಿತು.

ಇನ್ನು ಸ್ಟೀರಾಯ್ಡ್ ಬಗ್ಗೆ ಒಂದೇ ಮಾತು. 2010ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಒಂದು ದೊಡ್ಡ ಪರಿಶೀಲನೆಯ ಪ್ರಕಾರ, ಟೆನಿಸ್ ಎಲ್ಬೋ, ಅಂದರೆ ಮೊಣಕೈ ಹೊರಬದಿಯ ಟೆಂಡನ್ ನೋವು ಇರುವವರಿಗೆ ಈ ಇಂಜೆಕ್ಷನ್‌ನಿಂದ ಮೊದಲ ಕೆಲವು ವಾರ ಆರಾಮ ಸಿಗುತ್ತದೆ. ತಿಂಗಳುಗಳು ಕಳೆದ ಮೇಲೆ ನೋಡಿದರೆ ಬೇರೆ ಚಿಕಿತ್ಸೆ ಪಡೆದವರೇ ಹೆಚ್ಚು ಚೆನ್ನಾಗಿರುತ್ತಾರೆ.

ಹಾಗಾದರೆ ಏನು ಮಾಡಬೇಕು? ಸಿರಿಂಜಿನಲ್ಲಿ ಏನೇನಿದೆ, ಎಷ್ಟು ಶೇಕಡಾದ್ದು ಅಂತ ಡಾಕ್ಟರನ್ನು ಕೇಳಿ. ಸೂಜಿ ಟೆಂಡನ್ ಒಳಗೆ ಹೋಗುತ್ತದಾ, ಸುತ್ತಲಿನ ಜಾಗಕ್ಕಾ ಅಂತಲೂ ಕೇಳಿ. ಅಲ್ಟ್ರಾಸೌಂಡ್‌ನಲ್ಲಿ ನೋಡಿಕೊಂಡು ಹಾಕುವವರು ಈಗ ಊರಿನಲ್ಲಿ ಬಹಳ ಜನ ಇದ್ದಾರೆ. ಹಿಂದೆ ಯಾವಾಗ ಹಾಕಿಸಿಕೊಂಡಿದ್ದಿರಿ ಅನ್ನುವುದನ್ನು ತಪ್ಪದೇ ಹೇಳಿ. ಡಾಕ್ಟರ್ ಬದಲಾದಾಗ ಈ ವಿಷಯ ಬಿಟ್ಟುಹೋಗುತ್ತದೆ. ನೋವು ಹೋಯಿತು ಅಂತ ಅವತ್ತೇ ನೀರಿನ ಕ್ಯಾನ್ ಎತ್ತಬೇಡಿ. ಮರಗಟ್ಟಿದ ಟೆಂಡನ್‌ಗೆ ಪೆಟ್ಟಾದರೂ ನಿಮಗೆ ಗೊತ್ತಾಗುವುದಿಲ್ಲ. ಆಮೇಲೆ, ತೂಕವನ್ನು ನಿಧಾನವಾಗಿ ಏರಿಸುತ್ತಾ ಹೋಗುವ ವ್ಯಾಯಾಮ ಶುರುಮಾಡಿ. ಟೆನೋಸೈಟ್‌ಗಳು ಹೊಸ ಕೊಲಾಜನ್ ಹೆಣೆಯಲು ಬೇಕಾದ ಕರೆ ಆ ಹದವಾದ ಎಳೆತದಿಂದಲೇ ಬರುವುದು. ಮೂರು ತಿಂಗಳು ಹಿಡಿಯಬಹುದು. ನಾನು ನೋಡಿದವರಲ್ಲಿ ಬಿಡದೆ ಮಾಡಿದವರೇ ಮತ್ತೆ ಆರಾಮಾಗಿ ಕೆಲಸಕ್ಕೆ ಹೋದರು.

ಶಾಲೆ, ಕಾಲೇಜು ತಂಡಗಳ ಕೋಚ್‌ಗಳು ಯಾರಾದರೂ ಕೇಳುತ್ತಿದ್ದರೆ ಅವರಲ್ಲಿ ನನ್ನದೊಂದು ವಿನಂತಿ. ಫೈನಲ್ ಇದೆ ಅಂತ ನೋವಿರುವ ಹುಡುಗನಿಗೆ, ಹುಡುಗಿಗೆ ಮರಗಟ್ಟಿಸುವ ಇಂಜೆಕ್ಷನ್ ಕೊಡಿಸಿ ಅಂಗಳಕ್ಕೆ ಇಳಿಸಬೇಡಿ. ಅವತ್ತಿನ ಮಟ್ಟಿಗೆ ಬೇರೆಯವರನ್ನು ಆಡಿಸಿ.

ನಮಸ್ಕಾರ.